ಲಾಗಿನ್ ಪುಟದ ಹಿಂದಿನ ರಿಜಿಸ್ಟರು

ಈಚೆಗೆ ವಿಶ್ವವಿದ್ಯಾಲಯಗಳು ಕರೆಯುವ ಟೆಂಡರುಗಳಲ್ಲಿ ‘ಸಿಂಗಲ್ ಸೈನ್ ಆನ್ ಸಹಿತ ಐಡೆಂಟಿಟಿ ಮ್ಯಾನೇಜ್‌ಮೆಂಟ್, 1 ಸಂಖ್ಯೆ’ ಎಂಬ ಸಾಲೊಂದು ಕಾಣಿಸಿಕೊಳ್ಳತೊಡಗಿದೆ. ಅದರ ಮೇಲಿನ ಸಾಲಿನಲ್ಲಿ ಬಯೋಮೆಟ್ರಿಕ್ ಹಾಜರಾತಿ ಯಂತ್ರ, ಕೆಳಗಿನ ಸಾಲಿನಲ್ಲಿ ಯುಪಿಎಸ್. ಯಾರು ನಮ್ಮವರು, ಅವರಿಗೆ ಯಾವ ಬಾಗಿಲು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ದುಡ್ಡು ಕೊಟ್ಟು ತರಬಹುದಾದ ಸಾಮಾನು ಎಂದುಕೊಂಡಿರುವುದರ ಫಲ ಇದು. ಈ ಕ್ಷೇತ್ರದ ಬಗ್ಗೆ ಬರುವ ಬರಹಗಳೂ ಅದಕ್ಕೇ ನೀರೆರೆಯುತ್ತವೆ: ಮೊದಲು ಪಾಸ್‌ವರ್ಡ್, ಆಮೇಲೆ ಒಟಿಪಿ, ಈಗ ಮುಖಚಹರೆ, ನಾಳೆ ಪಾಸ್‌ಕೀ. ಹೀಗೆ ಬರೆದರೆ ಅದು ಬೀಗಗಳ ಚರಿತ್ರೆಯಾಗುತ್ತದೆ. ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ತೀರ್ಮಾನಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬಹುಮಟ್ಟಿಗೆ ಕಟ್ಟಿದವು ವಿಶ್ವವಿದ್ಯಾಲಯಗಳೇ.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1961ರಲ್ಲಿ ಎಂಐಟಿಯ ಫರ್ನಾಂಡೊ ಕಾರ್ಬಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ತೋರಿಸಿತು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗಬಾರದೆಂದು ಪಾಸ್‌ವರ್ಡ್ ಬಂತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಯಂತ್ರದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಮುದ್ರಿಸಿಕೊಂಡರು. 1986ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗದೆ, ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಬೆನ್ನುಹತ್ತಿ ಹೋದಾಗ ಜರ್ಮನಿಯಿಂದ ನುಸುಳುತ್ತಿದ್ದವನೊಬ್ಬ ಸಿಕ್ಕಿದ. ಆ ಕಥೆಯನ್ನು ಗೂಢಚರ್ಯೆಯ ಕಥೆಯಾಗಿಯೇ ಎಲ್ಲರೂ ಹೇಳುತ್ತಾರೆ. ನುಸುಳಿದವನು ಬಳಸಿದ ಖಾತೆಗಳಲ್ಲೊಂದು ಇಂಗ್ಲೆಂಡಿಗೆ ಹೋಗಿದ್ದವರೊಬ್ಬರದು, ಅವರು ಹೋದಮೇಲೂ ಯಾರೂ ಅದನ್ನು ಮುಚ್ಚಿರಲಿಲ್ಲ ಎಂಬುದು ಹೇಳುವವರ ಬಾಯಲ್ಲಿ ಅಡಿಟಿಪ್ಪಣಿಯಾಗಿ ಉಳಿಯುತ್ತದೆ.

ಎಂಐಟಿಯದೇ ಅಥೀನಾ ಯೋಜನೆ 1983ರಲ್ಲಿ ಡಿಇಸಿ ಮತ್ತು ಐಬಿಎಂ ನೆರವಿನಿಂದ ಶುರುವಾಯಿತು. ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಯಂತ್ರದ ಮುಂದೆ ಕೂತರೂ ತನ್ನ ಕಡತ ತನಗೆ ಸಿಗಬೇಕು ಎಂಬ ಆಸೆಯಿಂದ ಹುಟ್ಟಿದ್ದು ಕೆರ್ಬೆರೋಸ್. 1978ರ ನೀಡ್‌ಹ್ಯಾಮ್–ಶ್ರೋಡರ್ ವಿಧಾನವನ್ನು ಆಧರಿಸಿದ ಇದರಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹಾಯುವುದೇ ಇಲ್ಲ. ಕೆಲವು ಗಂಟೆ ಮಾತ್ರ ಚಾಲ್ತಿಯಲ್ಲಿರುವ ಟಿಕೆಟ್ ಸಿಗುತ್ತದೆ, ಮುಂದಿನ ಸೇವೆಗಳಿಗೆಲ್ಲ ಅದನ್ನೇ ತೋರಿಸಬೇಕು. ವಿಂಡೋಸ್ 2000 ಇದನ್ನೇ ತನ್ನದಾಗಿಸಿಕೊಂಡದ್ದರಿಂದ, ಹೆಸರು ಕೇಳದವರೂ ಇಂದು ಕಚೇರಿಗಳಲ್ಲಿ ಇದನ್ನು ಬಳಸುತ್ತಿದ್ದಾರೆ. ಸೊಗಸಾದ ಕೆಲಸ. ಆದರೆ ಅದು ಗಂಟೆಗಳಲ್ಲಿ ಅಳೆದದ್ದು ಟಿಕೆಟ್ಟಿನ ಅವಧಿಯನ್ನು. ಖಾತೆ ಯಾವಾಗ ಮುಚ್ಚಬೇಕು ಎಂದು ತೀರ್ಮಾನಿಸುವುದು ಅದರ ಕೆಲಸವಾಗಿರಲಿಲ್ಲ.

ಮಿಶಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು, ಹೊರಲಾರದಷ್ಟು ಭಾರವಾಗಿದ್ದ ಎಕ್ಸ್.500 ಡೈರೆಕ್ಟರಿಯನ್ನು ಹಗುರಗೊಳಿಸಿ ಎಲ್‌ಡ್ಯಾಪ್ ಮಾಡಿದರು. 1993ರಲ್ಲಿ ಅದರ ಮೊದಲ ಮಾನಕ ಪ್ರಕಟವಾಯಿತು. ಇದರಲ್ಲಿ ‘ವ್ಯಕ್ತಿ’ ಎಂಬ ದಾಖಲೆಗೆ ಎರಡು ಅಂಕಣಗಳು ಕಡ್ಡಾಯ: ಪೂರ್ಣ ಹೆಸರು ಮತ್ತು ಮನೆತನದ ಹೆಸರು. ಎರಡನೆಯದನ್ನು ಖಾಲಿ ಬಿಟ್ಟರೆ ದಾಖಲೆಯೇ ಹುಟ್ಟುವುದಿಲ್ಲ. ಹಳೆ ಮೈಸೂರಿನ ಕಡೆಯ ‘ಮಂಜುನಾಥ ಎಂ. ಎಸ್.’ ಮನೆತನದ ಹೆಸರನ್ನು ಎಲ್ಲಿಂದ ತರಬೇಕು? ಇನಿಷಿಯಲ್ ತುಂಬುವವರುಂಟು, ಒಂದು ಚುಕ್ಕಿ ಇಡುವವರುಂಟು, ಹೆಸರನ್ನೇ ಎರಡು ಸಲ ಬರೆಯುವವರೂ ಉಂಟು. ಒಂದೇ ವಿಶ್ವವಿದ್ಯಾಲಯದಲ್ಲಿ ಮೂರು ಪದ್ಧತಿಯೂ ನಡೆದಿರುವುದನ್ನು ನಾನು ಬಲ್ಲೆ. ಹತ್ತು ವರ್ಷ ಕಳೆದ ಮೇಲೆ ಎರಡು ಪಟ್ಟಿಗಳನ್ನು ಕೂಡಿಸಲು ಹೊರಟಾಗ ಈ ಚುಕ್ಕಿಯ ಬೆಲೆ ಗೊತ್ತಾಗುತ್ತದೆ.

ಕ್ಯಾಂಪಸ್ಸಿನ ಖಾತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಪೀಳಿಗೆ ಇಳಿದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. 1996ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ ಇಂಟರ್‌ನೆಟ್2 ಎಂಬ ಕೂಟ ಕಟ್ಟಿಕೊಂಡಿದ್ದವು. ಕೆನ್ ಕ್ಲಿಂಗನ್‌ಸ್ಟೈನ್ ಮುಂದಾಳತ್ವದಲ್ಲಿ ಅದರ ಮಿಡ್ಲ್‌ವೇರ್ (ಜಾಲಕ್ಕೂ ಬಳಕೆಯ ತಂತ್ರಾಂಶಗಳಿಗೂ ನಡುವಿನ ಪದರ) ಗುಂಪು ಕೂತು ಚರ್ಚಿಸಿದ್ದನ್ನು ನಾವು ಇಲ್ಲಿ ನಿಧಾನಗತಿಯ ಸಂಪರ್ಕದಲ್ಲಿ ಇಳಿಸಿಕೊಂಡು ಓದುತ್ತಿದ್ದೆವು. ಆ ಬಳಗದ ದೊಡ್ಡತನ ಇರುವುದು ಅದು ಬರೆದ ತಂತ್ರಾಂಶಕ್ಕಿಂತ ಹೆಚ್ಚಾಗಿ ಅದು ಕೇಳಿದ ಪ್ರಶ್ನೆಗಳಲ್ಲಿ. ಲಾಗಿನ್ ಪುಟ ಆಮೇಲೆ ನೋಡೋಣ. ಈ ವ್ಯಕ್ತಿಯ ಬಗ್ಗೆ ಕೊನೆಯ ಮಾತು ಯಾವ ಕಚೇರಿಯದು? ವಿದ್ಯಾರ್ಥಿ ಎಂದರೆ ಅರ್ಜಿ ಹಾಕಿದವನೇ, ಶುಲ್ಕ ಕಟ್ಟಿದವನೇ, ಪರೀಕ್ಷೆಗೆ ಕೂತವನೇ? ಒಬ್ಬರೇ ಬೆಳಿಗ್ಗೆ ಸಂಶೋಧನಾರ್ಥಿ, ಮಧ್ಯಾಹ್ನ ಅಧ್ಯಾಪಕಿ, ಸಂಜೆ ಹಾಸ್ಟೆಲ್ ನಿವಾಸಿ ಆಗಿದ್ದರೆ ಮೂರು ಖಾತೆಯೋ ಒಂದೋ? ಖಾತೆಗಳ ಹಿಂದೆ ವ್ಯಕ್ತಿಗಳ ಒಂದು ರಿಜಿಸ್ಟರು ಇರಬೇಕು, ಪ್ರವೇಶಾತಿ ವಿಭಾಗವೂ ಸಿಬ್ಬಂದಿ ವಿಭಾಗವೂ ಅದಕ್ಕೆ ಮಾಹಿತಿ ಹರಿಸಬೇಕು, ಸಂಬಂಧ ಬದಲಾದಾಗ ಸವಲತ್ತು ತಾನಾಗಿ ಬದಲಾಗಬೇಕು ಎಂಬ ವಿಚಾರ ಗಟ್ಟಿಯಾದದ್ದು ಅಲ್ಲಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬೆಳೆದ ಗ್ರೂಪರ್ ತಂತ್ರಾಂಶ, ಗುಂಪುಗಳನ್ನು ನಡೆಸುವ ಅಧಿಕಾರವನ್ನು ಕಂಪ್ಯೂಟರ್ ಕೇಂದ್ರದಿಂದ ಬಿಡಿಸಿ ವಿಭಾಗಗಳ ಕೈಗೇ ಕೊಟ್ಟಿತು. ಯೇಲ್ ವಿಶ್ವವಿದ್ಯಾಲಯದ ಸಿಎಎಸ್ ಜಾಲತಾಣಗಳಿಗೆಲ್ಲ ಒಂದೇ ಲಾಗಿನ್ ಕೊಟ್ಟಿತು. ಜನಪ್ರಿಯವಾದದ್ದು ಎರಡನೆಯದು, ಹೆಚ್ಚು ಬೇಕಾಗಿದ್ದದ್ದು ಮೊದಲನೆಯದು.

2001ರಲ್ಲಿ ಬಂದ ಎಡುಪರ್ಸನ್ ಎಂಬ ಪುಟ್ಟ ಪದಕೋಶವನ್ನು ನಾನು ಈ ಕ್ಷೇತ್ರದ ಅತ್ಯುತ್ತಮ ಬರಹಗಳಲ್ಲಿ ಒಂದೆಂದು ಎಣಿಸುತ್ತೇನೆ. ಒಬ್ಬ ವ್ಯಕ್ತಿಗೂ ವಿಶ್ವವಿದ್ಯಾಲಯಕ್ಕೂ ಇರಬಹುದಾದ ನಂಟನ್ನು ಅದು ಬೆರಳೆಣಿಕೆಯ ಪದಗಳಲ್ಲಿ ಹಿಡಿಯುತ್ತದೆ: ವಿದ್ಯಾರ್ಥಿ, ಬೋಧಕ, ಸಿಬ್ಬಂದಿ, ನೌಕರ, ಸದಸ್ಯ, ಹಳೆಯ ವಿದ್ಯಾರ್ಥಿ, ಹೊರಗಿನ ಸಹವರ್ತಿ. ಗ್ರಂಥಾಲಯಕ್ಕೆ ಸುಮ್ಮನೆ ನಡೆದು ಬಂದವರಿಗೂ ಅದರಲ್ಲಿ ಒಂದು ಪದವಿದೆ. ಇದರ ಮೇಲೆ ನಿಂತದ್ದು 2003ರಲ್ಲಿ ಬಿಡುಗಡೆಯಾದ ಶಿಬ್ಬೊಲೆತ್ ತಂತ್ರಾಂಶ. ಪ್ರಕಾಶಕರ ತಾಣಕ್ಕೆ ಓದುಗ ಹೋದಾಗ ಅದು ಅವನನ್ನು ಅವನ ವಿಶ್ವವಿದ್ಯಾಲಯಕ್ಕೇ ಕಳಿಸುತ್ತದೆ. ಪಾಸ್‌ವರ್ಡ್ ಕೇಳುವುದು ವಿಶ್ವವಿದ್ಯಾಲಯ ಮಾತ್ರ. ಮರಳಿ ಹೋಗುವುದು ‘ಇವರು ನಮ್ಮ ಸದಸ್ಯರು’ ಎಂಬ ಸಹಿ ಮಾಡಿದ ಹೇಳಿಕೆ. ಹೆಸರು ಹೋಗಬೇಕಾಗಿಯೇ ಇಲ್ಲ. ಅದೇ ಓದುಗ ನಾಳೆ ಬಂದನೆಂದು ಗುರುತಿಸಲು ಆ ಒಬ್ಬ ಪ್ರಕಾಶಕರಿಗಷ್ಟೇ ಅರ್ಥವಾಗುವ ಗುಪ್ತ ಸಂಕೇತ ಸಾಕು. ಯಾರು ಯಾವ ಲೇಖನ ಓದಿದರು ಎಂಬುದು ವ್ಯಾಪಾರಿಗೆ ತಿಳಿಯಬೇಕಿಲ್ಲ ಎಂಬ ಗ್ರಂಥಪಾಲಕರ ಹಳೆಯ ಹಠ ಹೀಗೆ ತಂತ್ರಾಂಶದೊಳಗೆ ಸೇರಿತು. ಅಲ್ಲಿ ಕಲಿತದ್ದರಲ್ಲಿ ಬಹಳಷ್ಟು ಇಂಥ ಹೇಳಿಕೆಗಳ ವಿನಿಮಯಕ್ಕಾಗಿ ಇರುವ 2005ರ ಸ್ಯಾಮಲ್ 2.0 ಮಾನಕಕ್ಕೂ ಸಂದಿತು. ಇಂದು ಅದನ್ನು ಮಾರುವ ಕಂಪನಿಗಳು ಈ ಋಣವನ್ನು ನೆನೆಯುವುದು ಅಪರೂಪ.

ಯುರೋಪು ಇದನ್ನು, ಒಬ್ಬರ ಹೇಳಿಕೆಯನ್ನು ಇನ್ನೊಬ್ಬರು ನಂಬುವ ಸಂಸ್ಥೆಗಳ ಒಕ್ಕೂಟಗಳಾಗಿ ಹರಡಿತು. ಸ್ವಿಟ್ಜರ್ಲೆಂಡಿನ ಸ್ವಿಚ್, ಫಿನ್‌ಲೆಂಡಿನ ಹಾಕಾ ಮುಂಚೂಣಿಯಲ್ಲಿದ್ದವು. ಅಮೆರಿಕದ ಇನ್‌ಕಾಮನ್ 2004ರದು, ಬ್ರಿಟನ್ನಿನ ಒಕ್ಕೂಟ 2006ರದು. ನೆದರ್ಲೆಂಡ್ಸಿನ ಕ್ಲಾಸ್ ವಿಯರೆಂಗಾ 2002ರಲ್ಲಿ ಮುಂದಿಟ್ಟ ಸಲಹೆ ಎಡುರೋಮ್ ಆಯಿತು: ತಮ್ಮ ಊರಿನ ಖಾತೆಯಿಂದಲೇ ಬೇರೆ ದೇಶದ ಕ್ಯಾಂಪಸ್ಸಿನ ವೈಫೈ. ಭಾರತದಲ್ಲಿ ಅದನ್ನು ನೋಡಿಕೊಳ್ಳುವುದು ಶಿಕ್ಷಣ ಮತ್ತು ಸಂಶೋಧನಾ ಜಾಲ ಅರ್ನೆಟ್. ಆದರೂ ನಮ್ಮ ಎಷ್ಟೋ ಹಾಸ್ಟೆಲುಗಳಲ್ಲಿ ಹುಡುಗರು ಫೈರ್‌ವಾಲಿನ ಲಾಗಿನ್ ಪುಟಕ್ಕೆ ದಿನಕ್ಕೆ ನಾಲ್ಕಾರು ಸಲ ನಮಸ್ಕಾರ ಹಾಕುತ್ತಿದ್ದಾರೆ.

ಮಧ್ಯೆ ಒಂದು ಮೌಢ್ಯದ ಕಾಲವೂ ಬಂದು ಹೋಯಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ಗಾಗಿ ಬಿಲ್ ಬರ್ 2003ರಲ್ಲಿ ಬರೆದ ಸಲಹೆಗಳಿಂದ, ಪಾಸ್‌ವರ್ಡನ್ನು ಆಗಾಗ ಬದಲಿಸಬೇಕು, ಅಂಕಿ ಚಿಹ್ನೆ ಬೆರೆಸಬೇಕು ಎಂಬ ನಿಯಮ ಲೋಕವೆಲ್ಲ ಹಬ್ಬಿತು. 2017ರಲ್ಲಿ ನಿಸ್ಟ್ ಅದನ್ನು ಕೈಬಿಟ್ಟಿತು, ಬರ್ ಕೂಡ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಮ್ಮ ಆಡಿಟ್ ತಪಾಸಣಾ ಪಟ್ಟಿಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲುಪಿದಂತಿಲ್ಲ.

ಇತ್ತೀಚಿನ ಘಟ್ಟ ಕ್ಲೌಡಿನದು. ಇ-ಮೇಲ್ ಪುಕ್ಕಟೆ ಸಿಗುತ್ತದೆಂದು ವಿಶ್ವವಿದ್ಯಾಲಯಗಳು ಬಂದವರಿಗೆಲ್ಲ ಖಾತೆ ತೆರೆದವು. ಹೋದವರ ಖಾತೆ ಮುಚ್ಚಲು ಕಾರಣವೇ ಇರಲಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಜಾಗವನ್ನು ನಿಲ್ಲಿಸುವುದಾಗಿ ಗೂಗಲ್ 2021ರಲ್ಲಿ ಪ್ರಕಟಿಸಿತು. ಇಡೀ ಸಂಸ್ಥೆಗೆ ಮೂಲದಲ್ಲಿ 100 ಟೆರಾಬೈಟ್ ಎಂಬ ಮಿತಿ 2022ರಲ್ಲಿ ಜಾರಿಗೆ ಬಂತು. ಪ್ರತಿ ಕ್ಯಾಂಪಸ್ಸಿನ ಕಂಪ್ಯೂಟರ್ ಕೇಂದ್ರವೂ ಒಂದೇ ಪ್ರಶ್ನೆ ಹಿಡಿದು ಕೂತದ್ದು ಆಗ: ಈ ಖಾತೆಗಳಲ್ಲಿ ಯಾರು ಇನ್ನೂ ನಮ್ಮವರು? ಮಿಡ್ಲ್‌ವೇರ್ ಬಳಗ ಇಪ್ಪತ್ತು ವರ್ಷ ಹಿಂದೆ ಕೇಳಿದ್ದನ್ನು ಕೊನೆಗೆ ಕೇಳಿಸಿದ್ದು ಬಿಲ್ಲು.

ಭಾರತದ ಅಧ್ಯಾಯವನ್ನು ಹೆಚ್ಚಾಗಿ ಬರೆದವರು ಗ್ರಂಥಾಲಯದವರು. ಗಾಂಧಿನಗರದ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ 2010ರಲ್ಲಿ ಎನ್-ಲಿಸ್ಟ್ ಆರಂಭಿಸಿ ಕಾಲೇಜು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇ-ಪತ್ರಿಕೆ ಓದಲು ವೈಯಕ್ತಿಕ ಖಾತೆ ಕೊಟ್ಟಿತು. ಅದೇ ಸಂಸ್ಥೆಯ ಇನ್‌ಫೆಡ್ ಒಕ್ಕೂಟ ನಿಂತಿರುವುದು ಶಿಬ್ಬೊಲೆತ್ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ಕ್ಯಾಂಪಸ್ಸಿನ ಐಪಿ ವಿಳಾಸ ನೋಡಿ ಒಳಬಿಡುವ ಪದ್ಧತಿ ಕೈಕೊಟ್ಟಾಗ ಈ ಒಕ್ಕೂಟದ ಬೆಲೆ ಎಲ್ಲರಿಗೂ ತಿಳಿಯಿತು. 2025ರಲ್ಲಿ ಜಾರಿಯಾದ, ಸಂಶೋಧನಾ ಪತ್ರಿಕೆಗಳ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರಾಗಿದೆ, 6,300ರಷ್ಟು ಸಂಸ್ಥೆಗಳು ಅದರಡಿ ಬರುತ್ತವೆ. ಇಷ್ಟೆಲ್ಲ ಹಣದ ಬಾಗಿಲು ಕಾಯುವುದು ಕೊನೆಗೆ ಒಬ್ಬ ಕಾಲೇಜು ಗ್ರಂಥಪಾಲಕರು ಜೂನ್ ತಿಂಗಳಲ್ಲಿ ತಿದ್ದುವ ಎಕ್ಸೆಲ್ ಹಾಳೆ. ಪ್ರವೇಶಾತಿ ವಿಭಾಗದ ಪಟ್ಟಿ ಅವರಿಗೆ ಸಿಗುವುದು ಕೇಳಿಕೊಂಡಾಗ ಮಾತ್ರ.

ಈಗಿನ ಹೊಸ ನಂಬಿಕೆ, ಒಂದು ಸಂಖ್ಯೆ ಕೊಟ್ಟರೆ ಎಲ್ಲ ಬಗೆಹರಿಯುತ್ತದೆ ಎಂಬುದು. ಆಧಾರ್ ಇದೆ, ವಿದ್ಯಾರ್ಥಿಗಳಿಗೆಂದೇ ಅಪಾರ್ ಸಂಖ್ಯೆ ಬಂದಿದೆ. ಅಮೆರಿಕದ ವಿಶ್ವವಿದ್ಯಾಲಯಗಳೂ ಒಂದು ಕಾಲದಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೇ ವಿದ್ಯಾರ್ಥಿ ಸಂಖ್ಯೆ ಮಾಡಿಕೊಂಡಿದ್ದವು. 2003ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಸುಮಾರು 55,000 ಜನರ ಸಂಖ್ಯೆ ಕಳುವಾಯಿತು. ಅಂಥ ಪ್ರಕರಣಗಳ ನಂತರ ಒಂದೊಂದೇ ವಿಶ್ವವಿದ್ಯಾಲಯ ತನ್ನದೇ ಸಂಖ್ಯೆಗೆ ಹೊರಳಿತು. ಯುಜಿಸಿ ಆಧಾರನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಹಾಗಿರಲಿ, ಸಂಖ್ಯೆ ವ್ಯಕ್ತಿ ಯಾರೆಂದು ಹೇಳೀತು. ಅವರು ಇಂದು ನಮಗೆ ಏನಾಗಬೇಕು ಎಂದು ಹೇಳದು. ಕರ್ನಾಟಕದ ಯುಯುಸಿಎಂಎಸ್ (ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ನಿರ್ವಹಣಾ ವ್ಯವಸ್ಥೆ) ವಿದ್ಯಾರ್ಥಿಯ ಪ್ರವೇಶದಿಂದ ಅಂಕಪಟ್ಟಿಯವರೆಗಿನ ದಾರಿಯನ್ನು ಒಂದೆಡೆ ತಂದದ್ದು ದೊಡ್ಡ ಹೆಜ್ಜೆಯೇ. ವಿದ್ಯಾರ್ಥಿಯೂ ಅಲ್ಲದ, ಕಾಯಂ ನೌಕರರೂ ಅಲ್ಲದವರ ಮಾತು ಬಂದಾಗ ತೊಡಕು ಶುರುವಾಗುತ್ತದೆ.

ಹೊರಹೋಗುವವರ ನೋ ಡ್ಯೂ ಪತ್ರವನ್ನೇ ನೋಡಿ. ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯ, ಸಹಕಾರ ಸಂಘ, ಎಲ್ಲದರ ಸಹಿಗೂ ಜಾಗವಿದೆ. ನಾನು ನೋಡಿದ ನಮೂನೆಗಳಲ್ಲಿ ಖಾತೆಗಳಿಗೆ ಒಂದು ಸಾಲಿಲ್ಲ. ಬಾಕಿ ಬೀಕರ್ ಹಿಂತಿರುಗಿಸದೆ ಹೋಗುವಂತಿಲ್ಲ, ಅಂಕ ತುಂಬುವ ಅಧಿಕಾರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಅತಿಥಿ ಉಪನ್ಯಾಸಕರಿಗಂತೂ ಆ ಪತ್ರವೂ ಇಲ್ಲ. ಎಡುಪರ್ಸನ್ ಪಟ್ಟಿಯಲ್ಲಿ ಅವರನ್ನು ಎಲ್ಲಿಡುವುದು? ಪಾಠ ಮಾಡುವುದರಿಂದ ಬೋಧಕರು. ಸೇವಾ ಪುಸ್ತಕ ಇಲ್ಲದ್ದರಿಂದ ಸಿಬ್ಬಂದಿ ವಿಭಾಗದ ಲೆಕ್ಕದಲ್ಲಿ ನೌಕರರಲ್ಲ. ಕಂಪ್ಯೂಟರ್ ಕೇಂದ್ರದವರು ಅವರನ್ನು ‘ಹೊರಗಿನ ಸಹವರ್ತಿ’ ಎಂದು ನಮೂದಿಸಿ ಕೈತೊಳೆದುಕೊಳ್ಳುತ್ತಾರೆ, ಪ್ರಕಾಶಕರ ತಾಣ ಅವರಿಗೆ ತೆರೆಯುವುದಿಲ್ಲ. ಪದವಿ ತರಗತಿಗಳ ಅರ್ಧ ಭಾರ ಹೊತ್ತವರಿಗೆ ಗ್ರಂಥಾಲಯಕ್ಕೆ ಸುಮ್ಮನೆ ನಡೆದು ಬಂದವರಷ್ಟೂ ಹಕ್ಕಿಲ್ಲ.

ಸೆಮಿಸ್ಟರ್ ಮುಗಿದ ದಿನ ಅತಿಥಿ ಉಪನ್ಯಾಸಕರ ಅವಧಿ ಮುಗಿಯುತ್ತದೆ, ಮೌಲ್ಯಮಾಪನ ಶುರುವಾಗುವುದು ಅದರ ನಂತರ. ಅವಧಿ ನೋಡಿ ಖಾತೆ ಮುಚ್ಚಿದರೆ ಉತ್ತರಪತ್ರಿಕೆಯ ಅಂಕ ತುಂಬುವವರಿಲ್ಲ. ಮುಚ್ಚದಿದ್ದರೆ ಮುಂದಿನ ವರ್ಷ ಕೆಲಸಕ್ಕೆ ಬಾರದವರ ಖಾತೆಯೂ ತೆರೆದೇ ಇರುತ್ತದೆ. ಹಲವೆಡೆ ಇದಕ್ಕೆ ಕಂಡುಕೊಂಡ ಉಪಾಯ, ವಿಭಾಗದ ಮುಖ್ಯಸ್ಥರ ಪಾಸ್‌ವರ್ಡನ್ನು ಎಲ್ಲರೂ ಬಳಸುವುದು. ಇಂಥವರ ಖಾತೆಯನ್ನು ಯಾವಾಗ ಮುಚ್ಚಬೇಕು ಎಂಬುದೇ ಯೋಜನೆ ಹಾಕುವವರು ಮೊದಲು ಬರೆಯಬೇಕಾದ ನಿಯಮ, ಮತ್ತು ಅದನ್ನು ಬರೆಯಬೇಕಾದವರು ಕಂಪ್ಯೂಟರ್ ಕೇಂದ್ರದವರಲ್ಲ. ನೇಮಕದ ಆದೇಶ ಹೊರಡುವುದು ಒಬ್ಬ ಕುಲಸಚಿವರ ಕಚೇರಿಯಿಂದ, ಮೌಲ್ಯಮಾಪನದ ಆದೇಶ ಇನ್ನೊಬ್ಬ ಕುಲಸಚಿವರ ಕಚೇರಿಯಿಂದ. ಎರಡೂ ಆದೇಶಗಳ ಪ್ರತಿ ಒಂದೇ ರಿಜಿಸ್ಟರಿಗೆ ಹೋಗಬೇಕೆಂದು ಒಂದು ಸುತ್ತೋಲೆ ಹೊರಡಿಸಲು ಟೆಂಡರ್ ಬೇಕಿಲ್ಲ.