ಅಗೆತದಲ್ಲಿ ದೊರೆತ ನಿಧಿಗಳು: ಕಾನಹೊಸಹಳ್ಳಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ವಿಜಯನಗರ ಕಾಲದ ದಾನಶಾಸನಗಳಲ್ಲಿ ಗ್ರಾಮವನ್ನೋ ಭೂಮಿಯನ್ನೋ ಬಿಟ್ಟುಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳನ್ನೂ ಸೇರಿಸಿ ಕೊಡುವ ಒಕ್ಕಣೆ ಮತ್ತೆ ಮತ್ತೆ ಬರುತ್ತದೆ. ಇದೇ ಅಷ್ಟಭೋಗ ತೇಜಸ್ಸ್ವಾಮ್ಯ. ಶಾಸನಪಾಠವನ್ನು ಓದುವವರು ಈ ಪಟ್ಟಿಯನ್ನು ಸಾಮಾನ್ಯವಾಗಿ ರೂಢಿಯ ಮಾತೆಂದು ದಾಟಿ ಹೋಗುತ್ತಾರೆ. ಆದರೆ ಎಂಟರಲ್ಲಿ ಮೊದಲೆರಡು ಸ್ಥಾನಗಳು ನೆಲದೊಳಗೆ ಹುದುಗಿದ ವಸ್ತುವಿಗೆ ಸಂದಿವೆ ಎಂಬುದು ಗಮನಾರ್ಹ. ನೀರಿಗಿಂತ, ಕಲ್ಲಿಗಿಂತ, ಮುಂದಿನ ಬೆಳೆಗಿಂತ ಮೊದಲು ನಿಧಿಯ ಹೆಸರು ಬಂದಿದೆ. ನೆಲವನ್ನು ಅಗೆದರೆ ಏನಾದರೂ ಸಿಕ್ಕೀತು, ಸಿಕ್ಕಿದ್ದು ಯಾರದು ಎಂಬ ವಿವಾದ ಎದ್ದೀತು ಎಂಬ ಎಚ್ಚರ ದಾನಿಗೂ ಪ್ರತಿಗ್ರಹಿಗೂ ಇದ್ದಿತೆಂಬುದು ಇದರಿಂದ ತಿಳಿದುಬರುತ್ತದೆ.

ಈ ಎಚ್ಚರ ಶಾಸನಗಳಿಗಿಂತಲೂ ಹಳೆಯದು. ದೊರೆತ ನಿಧಿಯ ವಿಷಯ ತಿಳಿಸಿದವನಿಗೆ ಆರನೆಯ ಒಂದು ಪಾಲು ಸಲ್ಲಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನದಲ್ಲಿಯೂ ನಿಧಿಯ ಹಂಚಿಕೆಯ ಚರ್ಚೆಯಿದೆ. ಅರಸನಿಗೆ ತಿಳಿಸದೆ ಮುಚ್ಚಿಟ್ಟವನಿಗೆ ದಂಡವೂ ಅಲ್ಲಿ ಹೇಳಿದೆ. ಬ್ರಿಟಿಷರ 1878ರ ನಿಧಿ ಕಾಯಿದೆಯು ಇದೇ ದಾರಿಯಲ್ಲಿ ಮುಂದುವರಿಯಿತು. ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು. ಒಡೆಯರಿಲ್ಲದ ನಿಧಿಯೆಂದು ತೀರ್ಮಾನವಾದಾಗ, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಡವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ವಸ್ತುವಿನ ಬೆಲೆಯ ಜೊತೆಗೆ ಅದರ ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬೇಕು. ಸ್ವಾತಂತ್ರ್ಯಾನಂತರ 1962ರಲ್ಲಿ ನಮ್ಮ ರಾಜ್ಯವೂ ಈ ಬಗ್ಗೆ ತನ್ನದೇ ಅಧಿನಿಯಮವನ್ನು ಮಾಡಿಕೊಂಡಿತು. ಕೌಟಿಲ್ಯನಿಂದ 1878ರವರೆಗಿನ ಈ ವಿಧಿಗಳೆಲ್ಲ ನಿಧಿಯನ್ನು ಅಳೆದದ್ದು ಪಾಲಿನಿಂದ, ಬೆಲೆಯಿಂದ. ಇತಿಹಾಸದ ದೃಷ್ಟಿಯಿಂದ ನೋಡಿದಾಗ ಈ ಅಳತೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ಕಾನಹೊಸಹಳ್ಳಿಯ ಕಡೆಯಿಂದ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಚಿತ್ರದುರ್ಗ–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಈ ಊರು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬಹುಭಾಗವು ಹಿಂದೆ ಕೋಗಳಿನಾಡು, ನೊಳಂಬವಾಡಿಗಳೊಳಗಿದ್ದ ಪ್ರದೇಶ. ಅಂಬಳಿ ಮತ್ತು ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಹಿರೇಹಡಗಲಿಯ ಕಟ್ಟೇಶ್ವರ, ಮಾಗಳದ ಸೂರ್ಯನಾರಾಯಣ ದೇಗುಲಗಳು ಇಲ್ಲಿಯವೇ. ಇವುಗಳ ನಡುವೆ ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳ ಪಾಳೆಯಗಾರರ ಕೋಟೆಗಳಿವೆ. 1800ರಲ್ಲಿ ಈ ಸೀಮೆ ನಿಜಾಮನಿಂದ ಕಂಪನಿಗೆ ಬಂದು, ಪಾಳೆಯಗಾರರ ಅಧಿಕಾರ ಅಡಗಿದ ಮೇಲೆ ಅವರು ಹೂತಿಟ್ಟ ಹೊನ್ನಿನ ಕೊಪ್ಪರಿಗೆಗಳ ಕಥೆಗಳು ಹುಟ್ಟಿಕೊಂಡುದು ಸಹಜವೇ. ಕೊಪ್ಪರಿಗೆಗೆ ಸರ್ಪ ಕಾವಲು, ನಂದಿಯ ಹೊಟ್ಟೆಯಲ್ಲಿ ರತ್ನ, ಲಿಂಗದ ಪೀಠದಡಿ ಬಂಗಾರ ಎಂಬ ನಂಬಿಕೆಗಳು ಈ ಭಾಗದ ಕ್ಷೇತ್ರಕಾರ್ಯದಲ್ಲಿ ಕಿವಿಗೆ ಬೀಳದ ದಿನವಿಲ್ಲ.

ಹಳೆಯ ಮನೆ ಕೆಡವಿ ಪಾಯ ತೆಗೆಯುವಾಗ ಈ ನಂಬಿಕೆ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಹಗೇವು ಒಳ್ಳೆಯ ನಿದರ್ಶನ. ಬಾಯಿ ಕಿರಿದಾಗಿ ಒಡಲು ಅಗಲವಾದ ನೆಲದೊಳಗಿನ ಈ ಕಣಜಗಳಲ್ಲಿ ಜೋಳ, ರಾಗಿಗಳನ್ನು ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಗುದ್ದಲಿಗೆ ಬಾಯಿಕಲ್ಲು ತಾಗಿ ಟೊಳ್ಳು ಸದ್ದು ಬಂದೊಡನೆ ಜನ ಸೇರುತ್ತಾರೆ. ಒಳಗೆ ಕಾಣುವುದು ಕಪ್ಪುಗಟ್ಟಿದ ಹೊಟ್ಟು. ನಿರಾಶೆಯಿಂದ ಅದನ್ನು ಮಣ್ಣಿನಿಂದ ತುಂಬಿಬಿಡುತ್ತಾರೆ. ಧಾತು ಸಂವತ್ಸರದ ಬರವೆಂದು ಹೆಸರಾದ 1876–78ರ ಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲೆಲ್ಲ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂಥ ಸೀಮೆಯಲ್ಲಿ ಯಾವ ಊರಿಗೆ ಎಷ್ಟು ಹಗೇವು, ಅವು ಯಾವ ಕೇರಿಯಲ್ಲಿದ್ದವು, ಎಷ್ಟು ಚೀಲ ಹಿಡಿಯುತ್ತಿದ್ದವು ಎಂಬುದು ಕೊಪ್ಪರಿಗೆ ಹೊನ್ನಿಗಿಂತ ದೊಡ್ಡ ಸಂಗತಿಯೆಂದು ಈ ಲೇಖಕನ ಅಭಿಪ್ರಾಯ.

ಬಂಗಾರವೇ ದೊರೆತಾಗಲೂ ಅದರ ಬೆಲೆ ತೂಕದಲ್ಲಿರುವುದಿಲ್ಲ. ಇದೇ ಬಳ್ಳಾರಿ ಸೀಮೆಯ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನೂತನ ಶಿಲಾಯುಗದ ಜನರ ವಸತಿಯ ನೆಲೆಯಿಂದ ಚಿನ್ನದ ಕಿವಿಯ ಆಭರಣ ದೊರೆಯಿತು. ಅಕ್ಕಸಾಲೆಯ ತಕ್ಕಡಿಯಲ್ಲಿ ಅದು ಏನೂ ಅಲ್ಲ. ಆದರೆ ಕಲ್ಲಿನ ಕೊಡಲಿ ಹಿಡಿದು ಬೆಟ್ಟದ ಮಗ್ಗುಲಲ್ಲಿ ಬಾಳಿದ ಜನಕ್ಕೆ ಚಿನ್ನದ ಕೆಲಸ ಗೊತ್ತಿತ್ತೆಂಬುದು ಅದರಿಂದ ಸಿದ್ಧವಾಯಿತು. ಪದರಗಳನ್ನು ಗುರುತಿಸಿ ಅಗೆದದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಅದೇ ಆಭರಣ ಹೊಲ ಉಳುವವನಿಗೆ ಸಿಕ್ಕಿ ಪೇಟೆಗೆ ಹೋಗಿದ್ದರೆ ಕೆಲವು ಗುಂಜಿ ಬಂಗಾರವಾಗಿ ಕರಗುತ್ತಿತ್ತು.

ನಾಣ್ಯಗಳ ವಿಷಯದಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುಮಾರ್ಗದ ಕೆಲಸಕ್ಕಾಗಿ ಅಗೆಯುವಾಗ ಆಗಸ್ಟಸ್, ಟೈಬೀರಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ 163 ಬೆಳ್ಳಿ ನಾಣ್ಯಗಳು ದೊರೆತವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ನಾಣ್ಯಗಳು ಕೆಲವೇ. ಆದರೆ 1929ರ ವೇಳೆಗೆ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ನಡೆಸಿದ ಉತ್ಖನನಗಳಿಂದ, ಆ ಕೆಲವು ನಾಣ್ಯಗಳು ಸಾತವಾಹನ ಕಾಲದ ಸೀಸದ ನಾಣ್ಯ ಮತ್ತು ಮಡಕೆಗಳ ಜೊತೆಗೆ ಸೇರಿ ಒಂದು ನಗರದ ಕಾಲವನ್ನೇ ನಿರ್ಣಯಿಸಲು ನೆರವಾದವು. ಒಂದೆಡೆ ರಾಶಿ, ಇನ್ನೊಂದೆಡೆ ಚರಿತ್ರೆ.

ಕೆಡವಿದ ಅಥವಾ ಕುಸಿದ ಕಟ್ಟಡದಿಂದ ದೊರೆತ ನಿಧಿಗಳಲ್ಲೆಲ್ಲ ಸನ್ನತಿಯದು ಅಗ್ರಗಣ್ಯವಾದುದರಿಂದ ಅದನ್ನು ಕೊಂಚ ವಿಸ್ತಾರವಾಗಿ ನೋಡಬೇಕು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿರುವ ಸನ್ನತಿ, ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಪ್ರಸಿದ್ಧ. ಅಲ್ಲಿನ ಬೌದ್ಧ ಅವಶೇಷಗಳನ್ನು 1954ರಲ್ಲಿ ಮೊದಲು ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. 1986ರಲ್ಲಿ ದೇವಾಲಯದ ಆವರಣದ ಕಾಳಿಗುಡಿಯ ಮಾಡು ಕುಸಿದು ಮೂರ್ತಿ ಭಗ್ನವಾಯಿತು. ಅವಶೇಷಗಳನ್ನು ತೆರವುಗೊಳಿಸುವಾಗ ಮೂರ್ತಿಗೆ ಪೀಠವಾಗಿದ್ದ ಕಲ್ಲುಹಲಗೆಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಅದು ಅಶೋಕನ ಶಾಸನವಾಗಿತ್ತು. ಹಲಗೆಯ ಒಂದು ಮುಖದಲ್ಲಿ ಬೃಹತ್ ಶಿಲಾಶಾಸನಗಳ ಪೈಕಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು, ಮತ್ತೊಂದು ಮುಖದಲ್ಲಿ ಪ್ರತ್ಯೇಕ ಶಾಸನಗಳೆಂದು ಹೆಸರಾದ ಎರಡು ಪಾಠಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದವು. ಗೆದ್ದ ಕಳಿಂಗದ ಜನರನ್ನು ಸಮಾಧಾನಪಡಿಸಲೆಂದೇ ಅವನ್ನು ಬರೆಸಿದನೆಂದು ತಿಳಿಯಲಾಗಿತ್ತು. ಅವೇ ಮಾತುಗಳು ಭೀಮಾ ತೀರದಲ್ಲಿಯೂ ದೊರೆತ ಮೇಲೆ ಆ ತಿಳಿವಳಿಕೆಯನ್ನು ಮರುಪರಿಶೀಲಿಸಬೇಕಾಯಿತು. ಕೆ. ವಿ. ರಮೇಶ್ ಅವರು ಈ ಶಾಸನಗಳ ಪಾಠವನ್ನು ಪ್ರಕಟಿಸಿದರು.

ಹಲಗೆಯ ನಡುವೆ ಮೂರ್ತಿಯನ್ನು ನಿಲ್ಲಿಸಲು ಕೊರೆದ ಚೌಕಾಕಾರದ ಕುಳಿಯೊಂದಿದೆ. ಅದನ್ನು ಕೊರೆದಾಗ ಕೆಲವು ಅಕ್ಷರಗಳು ಅಳಿದವು. ಕೊರೆದವನನ್ನು ದೂರುವುದು ತರವಲ್ಲ. ಆ ಲಿಪಿ ಅವನಿಗೆ ತಿಳಿಯದು. ನುಣುಪಾದ ಗಟ್ಟಿ ಕಲ್ಲು ಬೇಕಿತ್ತು, ಸಿಕ್ಕಿತು. ಒಂದು ರೀತಿಯಲ್ಲಿ ದೇವಿಯ ಪೀಠವಾದದ್ದರಿಂದಲೇ ಆ ಕಲ್ಲು ಉಳಿಯಿತು ಎಂದೂ ಹೇಳಬಹುದು. ಬಯಲಲ್ಲಿ ನಿಂತಿದ್ದರೆ ಒರಳೋ ಹೊಸ್ತಿಲೋ ಆಗಿ ಹೋಗುತ್ತಿತ್ತು.

ಮುಂದೆ 1994ರಿಂದ ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯು ಕೈಗೊಂಡ ಉತ್ಖನನದಲ್ಲಿ ಶಾಸನಗಳು 'ಅಧೋಲೋಕ ಮಹಾಚೈತ್ಯ'ವೆಂದು ಕರೆದಿರುವ ಸ್ತೂಪವೇ ಹೊರಬಂದಿತು. ರಾಣಿಯರು, ಚಾಮರಧಾರಿಣಿಯರ ನಡುವೆ ನಿಂತ ಅರಸನ ಶಿಲ್ಪದ ಕೆಳಗೆ ರಾಯ ಅಶೋಕನೆಂಬ ಬರಹವಿರುವ ಫಲಕ ದೊರೆತದ್ದು ಇಲ್ಲಿಯೇ. ಸಾತವಾಹನ ಅರಸರ ಹೆಸರು ಹೊತ್ತ ಶಿಲ್ಪಗಳೂ ಇಲ್ಲಿವೆ. ಕೆ. ಪಿ. ಪೂಣಚ್ಚ ಅವರು ಈ ಉತ್ಖನನದ ವರದಿಯನ್ನು ಸಿದ್ಧಪಡಿಸಿದ್ದಾರೆ. ಅಶೋಕನ ಹೆಸರು ಕರ್ನಾಟಕದಲ್ಲಿ ಮೊದಲು ಕಂಡದ್ದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ, ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು ಎಂಬುದನ್ನು ಇಲ್ಲಿ ನೆನೆಯಬಹುದು. ಚಿನ್ನದ ಕಸುಬಿನವರ ಕಣ್ಣಿಗೆ ಬಿದ್ದದ್ದು ಅಕ್ಷರ.

ಕಣ್ಣಿಗೆ ಬಿದ್ದ ಮಾತ್ರಕ್ಕೆ ಗುರುತು ಸಿಕ್ಕಿತೆನ್ನುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಕೆಳದಿ ಅರಸರ ಬಿದನೂರಿನಲ್ಲಿ, 2002ರಲ್ಲಿ ಬಾವಿಯೊಂದರಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಹೊರಬಂದವು. ಅವು ಶಿವಮೊಗ್ಗದ ವಸ್ತುಸಂಗ್ರಹಾಲಯ ಸೇರಿ, ಮೈಸೂರಿನ ಹೈದರ್–ಟಿಪ್ಪು ಕಾಲದ ಯುದ್ಧರಾಕೆಟ್ಟುಗಳೆಂದು ಗುರುತಾಗಲು ಹತ್ತು ವರ್ಷಗಳಷ್ಟು ಹಿಡಿಯಿತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯು ಅದೇ ಊರಿನ ಹಾಳುಬಾವಿಯಲ್ಲಿ ಅಗೆದಾಗ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳು ದೊರೆತವು. ಗುಜರಿಯ ಲೆಕ್ಕದಲ್ಲಿ ಅದು ಹಳೆಯ ಕಬ್ಬಿಣ. ಮೊದಲ ಸಲ ಸಿಕ್ಕವನ್ನು ಯಾರೋ ಎತ್ತಿಟ್ಟದ್ದರಿಂದಲೇ ಎರಡನೆಯ ಸಲ ಸಿಕ್ಕದ್ದು ಏನೆಂದು ತಿಳಿಯಿತು.

ಇನ್ನು ನಿಧಿಗಾಗಿಯೇ ಕೆಡವಿದ ಪ್ರಸಂಗ. 2019ರ ಜುಲೈನಲ್ಲಿ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ, 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಒಡೆದು ಉರುಳಿಸಿದರು. ಭಕ್ತರು ಒಂದೆರಡು ದಿನಗಳಲ್ಲಿಯೇ ಕಲ್ಲುಗಳನ್ನು ಜೋಡಿಸಿ ಪುನಃ ನಿಲ್ಲಿಸಿದರು, ಆರೋಪಿಗಳೂ ಸೆರೆಸಿಕ್ಕರು. ಪ್ರಸಿದ್ಧ ಸ್ಥಳವಾದುದರಿಂದ ಸುದ್ದಿಯಾಯಿತು. ಕೂಡ್ಲಿಗಿ, ಹಡಗಲಿಗಳ ಹೊಲದ ಬದುವಿನಲ್ಲಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಅಂಥ ಭಕ್ತಸಮೂಹವಿರುವುದಿಲ್ಲ. ಬುಡ ಅಗೆದು ಕೆಡವಿದ ಕಲ್ಲು ಬಿದ್ದಲ್ಲಿಯೇ ಇರುತ್ತದೆ.

ಕಳ್ಳರಿಗಿಂತ ಹೆಚ್ಚಿನ ಹಾನಿ ಸಜ್ಜನರಿಂದ ಆಗುತ್ತಿದೆ ಎಂದರೆ ಕಟುವಾಗಿ ತೋರಬಹುದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗುಡಿಯನ್ನು ಯಂತ್ರದಿಂದ ಒಂದು ಬೆಳಗಿನಲ್ಲಿ ಕೆಡವಿ, ಕಲ್ಲುಗಳನ್ನು ಕೆರೆಯ ಏರಿಗೋ ಹೊಸ ಗುಡಿಯ ಪಾಯಕ್ಕೋ ತುಂಬುವ ಪದ್ಧತಿ ಬೆಳೆದಿದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳಲ್ಲಿ ಕಲ್ಲುಗಣಿಗಾರಿಕೆಯು ನೂತನ ಶಿಲಾಯುಗದ ನೆಲೆಗಳನ್ನೂ ಬಂಡೆಗೀರುಚಿತ್ರಗಳನ್ನೂ ನುಂಗಿದ್ದು ಎಲ್ಲರಿಗೂ ತಿಳಿದ ವಿಷಯ. ಗುದ್ದಲಿಯ ಕಾಲದಲ್ಲಿ ಕೂಲಿಯಾಳಿನ ಕಣ್ಣು ಮಣ್ಣಿನ ಮೇಲಿರುತ್ತಿತ್ತು. ಯಂತ್ರದ ಬಕೆಟ್ಟಿಗೆ ಆ ಕಣ್ಣಿಲ್ಲ.

ಈ ಸೀಮೆಯಲ್ಲಿ ಕಳೆದುಕೊಳ್ಳುವುದು ಎಷ್ಟು ದೊಡ್ಡದಾಗಿರಬಹುದೆಂಬುದಕ್ಕೆ ಹಿರೇಹಡಗಲಿಯ ತಾಮ್ರಪಟಗಳೇ ಸಾಕ್ಷಿ. ಪಲ್ಲವ ದೊರೆ ಶಿವಸ್ಕಂದವರ್ಮನು ತನ್ನ ಎಂಟನೆಯ ಆಳ್ವಿಕೆಯ ವರ್ಷದಲ್ಲಿ ಕಾಂಚಿಯಿಂದ ಹೊರಡಿಸಿದ ಈ ಪ್ರಾಕೃತ ದಾನಪತ್ರವನ್ನು ಜಾರ್ಜ್ ಬ್ಯೂಲರ್ ಅವರು ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ 'ಸಾತಾಹನಿರಟ್ಠ'ವೂ, ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಮ್ಯಾಕದೋನಿಯ ಪುಳುಮಾವಿ ಶಾಸನದ 'ಸಾತವಾಹನಿಹಾರ'ವೂ ಒಂದೇ ನಾಡೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಾತವಾಹನರ ಹೆಸರು ಹೊತ್ತ ನಾಡೊಂದು ಈ ಭಾಗದಲ್ಲಿತ್ತೆಂಬುದು ನಿಂತಿರುವುದು ಒಂದು ಬಂಡೆ, ಕೆಲವು ತಗಡುಗಳ ಮೇಲೆ. ಆ ತಗಡುಗಳನ್ನು ತಾಮ್ರದ ಬೆಲೆಗೆ ಮಾರಿದ್ದರೆ ಒಂದು ಬಿಂದಿಗೆಯಾಗುತ್ತಿತ್ತು.

ಸನ್ನತಿಯ ಹಲಗೆಯಲ್ಲಿ ಕುಳಿ ಬಿದ್ದ ಕಡೆ ಅಳಿದ ಅಕ್ಷರಗಳನ್ನು ಧೌಲಿ, ಜೌಗಡಗಳ ಪಾಠದಿಂದ ಊಹಿಸಿ ತುಂಬಿಕೊಳ್ಳಬಹುದು. ಅಶೋಕನು ಒಂದೇ ಮಾತನ್ನು ಹಲವೆಡೆ ಬರೆಸಿದ್ದನು. ತುರುಗೋಳಿನಲ್ಲಿ ಮಡಿದ ಹಳ್ಳಿಗನ ವೀರಗಲ್ಲಿಗೆ ಎರಡನೆಯ ಪ್ರತಿಯಿಲ್ಲ. ಆದುದರಿಂದ ಈ ಐದು ತಾಲ್ಲೂಕುಗಳ ಮಟ್ಟಿಗೆ ತುರ್ತಾಗಿ ಆಗಬೇಕಾದ ಒಂದು ಕೆಲಸವನ್ನು ಸೂಚಿಸಬಹುದು. ಬಳ್ಳಾರಿ ಜಿಲ್ಲೆಯ ಕನ್ನಡ ಶಾಸನಗಳನ್ನು ಒಳಗೊಂಡ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಲ್ಲಿ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಬಳ್ಳಾರಿ ಜಿಲ್ಲೆಯ ಶಾಸನ ಸಂಪುಟ 1998ರಲ್ಲಿ ಪ್ರಕಟವಾಯಿತು. ಎರಡನ್ನೂ ಕೈಯಲ್ಲಿ ಹಿಡಿದು ಊರೂರಿಗೆ ಹೋಗಿ, ಅಂದು ಅಚ್ಚಾದ ಕಲ್ಲುಗಳಲ್ಲಿ ಇಂದು ಯಾವುವು ನಿಂತಿವೆ, ಯಾವುವು ಬಿದ್ದಿವೆ, ಯಾವುವು ಹೊಸ ಗುಡಿಯ ಪಾಯದೊಳಗಿವೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಕಾನಹೊಸಹಳ್ಳಿ ಹೋಬಳಿಯಿಂದ ಇದನ್ನು ಆರಂಭಿಸಬಹುದು. ಹೆದ್ದಾರಿ ಅಲ್ಲಿಯೇ ಹಾದುಹೋಗುವುದರಿಂದ ನೆಲ ಅಗೆಯುವ ಕೆಲಸವೂ ಅಲ್ಲಿ ಬಿಡುವಿಲ್ಲದೆ ನಡೆಯುವಂಥದು.