ಪತ್ತು ಎಂಬ ಮಾತು

ಜಯನಗರದ ಅಡ್ಡರಸ್ತೆಗಳಲ್ಲಿ, ಬನಶಂಕರಿಯ ಹಂತಗಳಲ್ಲಿ, ಜೆ. ಪಿ. ನಗರದ ಮಳಿಗೆಗಳ ಮೇಲ್ಮಹಡಿಗಳಲ್ಲಿ ಒಂದು ಬಗೆಯ ಫಲಕ ಆಗಾಗ ಕಣ್ಣಿಗೆ ಬೀಳುತ್ತದೆ: ಇಂಥ ಪತ್ತಿನ ಸಹಕಾರ ಸಂಘ, ನಿಯಮಿತ. ಈ ‘ಪತ್ತು’ ಎಂಬುದು ಮರಾಠಿಯ ‘ಪತ್’ ಶಬ್ದದ ನೆಂಟ. ಒಬ್ಬನಿಗೆ ನಾಲ್ಕು ಜನರಲ್ಲಿರುವ ನಂಬುಗೆ ಎಂದು ಅದರ ಅರ್ಥ. ಇಂಗ್ಲಿಷಿನವರ ‘ಕ್ರೆಡಿಟ್’ ಕೂಡ ಲ್ಯಾಟಿನ್ನಿನ ‘ನಂಬು’ ಎಂಬ ಧಾತುವಿನಿಂದ ಬಂದದ್ದೇ. ಹಣದ ಮಾತು ಆಮೇಲಿನದು, ನಂಬಿಕೆಯ ಮಾತು ಮೊದಲಿನದು. ಬ್ಯಾಂಕು ಬಾಗಿಲು ಹಾಕಿಕೊಂಡಾಗ ಸಾಮಾನ್ಯ ಮನುಷ್ಯನಿಗೆ ನ್ಯಾಯವಾದ ಸಾಲ ಎಲ್ಲಿ ಸಿಕ್ಕೀತು ಎಂಬ ಪ್ರಶ್ನೆಗೆ ನಮ್ಮ ನಾಡಿನ ಇತಿಹಾಸ ಕೊಟ್ಟ ಉತ್ತರವೂ ಈ ಶಬ್ದದೊಳಗೇ ಅಡಗಿದೆ.

ಸಾಲವೆಂಬುದು ಹೊಸ ವ್ಯವಹಾರವೇನೂ ಅಲ್ಲ. ದೇವರ ದೀಪಕ್ಕೆಂದು ಬಿಟ್ಟ ಗದ್ಯಾಣಗಳನ್ನು ಊರ ಮಹಾಜನರು ತಾವು ಇಟ್ಟುಕೊಂಡು, ಅದರ ಬಡ್ಡಿಯಿಂದ ಎಣ್ಣೆಯ ವೆಚ್ಚವನ್ನು ನಡೆಸುವುದಾಗಿ ಒಪ್ಪಿದ ಸಂಗತಿ ನಮ್ಮ ಶಾಸನಗಳಲ್ಲಿ ಕಾಣುತ್ತದೆ. ಬಡ್ಡಿಗೆ ಮೇರೆಯೂ ಇತ್ತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದೆಂಬ ಧರ್ಮಶಾಸ್ತ್ರದ ಕಟ್ಟಳೆಗೆ ‘ದಾಮದುಪ್ಪಟ’ ಎಂದು ಹೆಸರು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇಂಗ್ಲಿಷರ ಕಾಲದಲ್ಲಿಯೂ ಅದನ್ನು ಮನ್ನಿಸಿದವು. ಆದರೆ ಕಟ್ಟಳೆ ಗ್ರಂಥದಲ್ಲಿ, ಲೆಕ್ಕದ ಪುಸ್ತಕ ಸಾಹುಕಾರನ ಕೈಯಲ್ಲಿ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಪತ್ರಗಳನ್ನೂ ಪುಸ್ತಕಗಳನ್ನೂ ಬೆಂಕಿಗೆ ಹಾಕಿದರು. ದಂಗೆ ಅಹಮದನಗರಕ್ಕೂ ಹಬ್ಬಿತು. ಅದರ ಫಲವಾಗಿ 1879ರಲ್ಲಿ ರೈತರ ಪರಿಹಾರಕ್ಕೆ ಒಂದು ಕಾನೂನು ಬಂದಿತು. ಕಾನೂನು ಸಾಹುಕಾರನ ಕೈಯನ್ನು ಹಿಡಿಯಿತೇ ಹೊರತು ರೈತನ ಕೈಗೆ ಬಿತ್ತನೆಯ ಕಾಲದ ಹಣವನ್ನು ಕೊಡಲಿಲ್ಲ.

ಆ ಹಣದ ದಾರಿಯನ್ನು ಹುಡುಕುತ್ತ ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್‌ಸನ್ ಯೂರೋಪಿಗೆ ಹೋದರು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸೆನ್ ಎಂಬಾತ ಕಟ್ಟಿದ ಸಂಘಗಳು ಅವರ ಮನಸ್ಸನ್ನು ಸೆಳೆದವು. ಅಲ್ಲಿ ಬಡವನ ಬಳಿ ಒತ್ತೆಯಿಡಲು ಏನೂ ಇಲ್ಲದಿದ್ದರೆ ಊರವರೆಲ್ಲ ಸೇರಿ ಒಬ್ಬರಿಗೊಬ್ಬರು ಹೊಣೆಯಾಗುತ್ತಿದ್ದರು. ನಿಕಲ್‌ಸನ್ನರ ವರದಿಗಳು 1895ರಲ್ಲಿಯೂ 1897ರಲ್ಲಿಯೂ ಹೊರಬಂದವು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾನೂನು ಹುಟ್ಟಿತು. ಹತ್ತು ಮಂದಿ ಸೇರಿದರೆ ಒಂದು ಸಂಘ. ಗ್ರಾಮ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಮಿತಿಯಿಲ್ಲದೆ ಹೊಣೆ. ಹೀಗಾದಾಗ ನೆರೆಯವನ ಹೊಲದ ಬೆಳೆ, ಅವನ ಮನೆಯ ಮದುವೆ, ಅವನ ಕುಡಿತ, ಅವನ ದುಡಿತ ಎಲ್ಲವೂ ಪ್ರತಿಯೊಬ್ಬನಿಗೂ ತಿಳಿದಿರಲೇಬೇಕಾಯಿತು.

ಮರುವರ್ಷವೇ, 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿ ಅದನ್ನು ತನ್ನ ಚೊಚ್ಚಲ ಸಂಘವೆಂದು ಎಣಿಸುತ್ತದೆ. ಕನ್ನಡನಾಡಿನ ಒಂದು ಸಣ್ಣ ಹಳ್ಳಿಗೆ ಸಂದ ಈ ಹಿರಿಮೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾಗಿ ಮಾತ್ರ ಉಳಿದಿದೆ.

ಮೈಸೂರು ಸಂಸ್ಥಾನವೂ 1905ರಲ್ಲಿಯೇ ತನ್ನ ಸಹಕಾರ ಶಾಸನವನ್ನು ಮಾಡಿಕೊಂಡಿತು. ಬೆಂಗಳೂರು ಆಗ 1898ರ ಪ್ಲೇಗಿನ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿತ್ತು. ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಸವನಗುಡಿ ಮಲ್ಲೇಶ್ವರಗಳಿಗೆ ಜನ ಬರುತ್ತಿದ್ದ ಕಾಲ ಅದು. ಗುಮಾಸ್ತರು, ಶಾಲಾ ಮಾಸ್ತರರು, ಸಣ್ಣ ವ್ಯಾಪಾರಿಗಳು. ಸಂಬಳ ಉಂಟು, ಆಸ್ತಿ ಇಲ್ಲ. ಇಂಥವರ ನಡುವೆ ಚಾಮರಾಜಪೇಟೆಯ ಬೆಂಗಳೂರು ಸಿಟಿ ಕೋ-ಆಪರೇಟಿವ್ ಬ್ಯಾಂಕು 1907ರಲ್ಲಿ ತಲೆಯೆತ್ತಿತು. 1909ರ ಬೆಂಗಳೂರು ಕಟ್ಟಡ ಸಹಕಾರ ಸಂಘವನ್ನು ದೇಶದ ಮೊತ್ತಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಗುರುತಿಸುತ್ತಾರೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣದ ಬಡಾವಣೆಗಳು ಒಂದೊಂದಾಗಿ ಬೆಳೆದವು. ಸಂಘಗಳ ಫಲಕಗಳೂ ಅವುಗಳ ಬೆನ್ನಿಗೇ ಬಂದವು.

ಕರಾವಳಿಯವರು ಇದೇ ನಂಬಿಕೆಯನ್ನು ಬೇರೆ ದಾರಿಯಲ್ಲಿ ಬೆಳೆಸಿದರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಯಿತು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಿನಲ್ಲಿ ಕೂಡಿಸತೊಡಗಿತು. ದಿನವೂ ಬಾಗಿಲಿಗೆ ಬರುವವನಿಗೆ ಆ ಮನೆಯ ಸ್ಥಿತಿಗತಿ ಯಾವ ದಾಖಲೆಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು.

ನಾನು ಅಧ್ಯಾಪಕನಾಗಿದ್ದಾಗ ಕಾಲೇಜಿನಲ್ಲಿ ನೌಕರರ ಪತ್ತಿನ ಸಂಘವೊಂದಿತ್ತು. ನಮ್ಮ ಜವಾನರೊಬ್ಬರಿಗೆ ಮಗಳ ಹೆರಿಗೆಯ ವೇಳೆ ಹಣ ಬೇಕಾಯಿತು, ಬ್ಯಾಂಕಿನಲ್ಲಿ ಆಗುವುದಿಲ್ಲವೆಂದರು. ಸಂಘದ ಅರ್ಜಿಗೆ ಇಬ್ಬರ ಜಾಮೀನು ಬೇಕು. ಒಂದು ರುಜು ನನ್ನದು, ಇನ್ನೊಂದು ಗ್ರಂಥಪಾಲಕರದು. ಮೂರನೆಯ ದಿನ ಹಣ ಬಂದಿತು. ಕಂತು ತಿಂಗಳ ಸಂಬಳದಲ್ಲಿ ಮುರಿದುಹೋಗುತ್ತಿತ್ತು. ಸಾಲಗಾರ ಸುಮ್ಮನಿದ್ದರೂ ಸಾಕ್ಷಿಗಾರ ಸುಮ್ಮನಿರ ಎಂಬ ಗಾದೆಯನ್ನು ನಾವು ಚೇಷ್ಟೆಗೆ ಬಳಸುತ್ತೇವೆ. ಸಂಘದ ಬಲವೆಲ್ಲ ಆ ಗಾದೆಯಲ್ಲಿದೆಯೆಂದು ನನಗೆ ಅಂದು ಹೊಳೆಯಿತು. ತಪ್ಪಿದರೆ ತೆರಬೇಕಾದವನು ಎದುರು ಮೇಜಿನಲ್ಲಿಯೇ ಕುಳಿತಿರುವಾಗ ಸಾಲ ತೀರಿಸುವುದು ಮರ್ಯಾದೆಯ ಮಾತಾಗುತ್ತದೆ, ಬೆದರಿಕೆಗೆ ಎಡೆಯಿರುವುದಿಲ್ಲ.

ಆದರೆ ಸಂಬಳದ ಚೀಟಿಯೂ ಇಲ್ಲದವರ ಗತಿ ಏನು? ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ. ಟಿ. ಎಂ. ಬಡಾವಣೆಗೆ ಹತ್ತಿರದ ಹೊಸೂರು ರಸ್ತೆಯಲ್ಲಿ 2016ರ ಏಪ್ರಿಲ್‌ನಲ್ಲಿ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಕಾರ್ಮಿಕರು, ಹೆಚ್ಚಿನವರು ಹೆಂಗಸರು, ಬೀದಿಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ತನಕ ತೆಗೆಯಕೂಡದೆಂಬ ಹೊಸ ನಿಯಮ ಬಂದಿತ್ತು. ಅವರಿಗೆ ಆ ನಿಧಿಯೇ ಕಷ್ಟಕಾಲದ ಸಾಲ. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ತಳ್ಳುಗಾಡಿಯವರ ಪಾಡು ಇನ್ನೂ ಕಠಿಣ. ಬೆಳಿಗ್ಗೆ 900 ರೂಪಾಯಿ ಕೊಟ್ಟು ಸಂಜೆ 1000 ಎಣಿಸಿಕೊಳ್ಳುವ ‘ಮೀಟರ್ ಬಡ್ಡಿ’ ಈ ನಗರದ ಮಾರುಕಟ್ಟೆಗಳ ಪರಿಚಿತ ಮಾತು. ಅದನ್ನು ತಪ್ಪಿಸಲೆಂದೇ ರಾಜ್ಯ ಸರ್ಕಾರ 2018ರಲ್ಲಿ ‘ಬಡವರ ಬಂಧು’ ಎಂಬ ಬಡ್ಡಿಯಿಲ್ಲದ ಸಾಲವನ್ನು ಸಹಕಾರ ಬ್ಯಾಂಕುಗಳ ಮೂಲಕ ಕೊಡಿಸತೊಡಗಿತು. 2020ರಲ್ಲಿ ಕೇಂದ್ರದ ಸ್ವನಿಧಿ ಯೋಜನೆ ಒತ್ತೆಯಿಲ್ಲದೆ 10,000 ರೂಪಾಯಿಯ ಮೊದಲ ಸಾಲವನ್ನು ತಂದಿತು.

ಕಾನೂನುಗಳಿಗೆ ನಮ್ಮಲ್ಲಿ ಬರವಿಲ್ಲ. ಲೇವಾದೇವಿಗಾರರ ಕಾನೂನೂ ಗಿರವಿದಾರರ ಕಾನೂನೂ 1961ರವು. ದೇವರಾಜ ಅರಸರ ಕಾಲದ ಋಣಪರಿಹಾರ ಕಾನೂನು 1976ರದು. ಮಿತಿಮೀರಿದ ಬಡ್ಡಿಯನ್ನು ನಿಷೇಧಿಸಿದ್ದು 2004ರಲ್ಲಿ. ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ 2025ರ ಫೆಬ್ರವರಿಯಲ್ಲಿ ಹೊರಟಿತು. ಇವೆಲ್ಲ ಬೇಕಾದವೇ. ಆದರೂ 1879ರ ಪಾಠ ಇಂದಿಗೂ ಹಳತಾಗಿಲ್ಲ: ಕಾನೂನು ಹಳೆಯ ಸಾಲವನ್ನು ಕಡಿಯಬಲ್ಲುದು, ಹೊಸ ಸಾಲವನ್ನು ಕೊಡಲಾರದು.

ಸಂಘವೆಂದೊಡನೆ ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುತ್ತಿಲ್ಲ. 2020ರ ಜನವರಿಯಲ್ಲಿ ಬಸವನಗುಡಿಯ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, 35,000 ರೂಪಾಯಿಗಿಂತ ಹೆಚ್ಚಿಗೆ ಯಾರೂ ಹಿಂದಕ್ಕೆ ಪಡೆಯಕೂಡದೆಂದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ವೃದ್ಧರು ಬೀದಿಯಲ್ಲಿ ನಿಂತರು. ಸದಸ್ಯರ ಸಂಖ್ಯೆ ಸಾವಿರಗಳನ್ನು ದಾಟಿ, ವಾರ್ಷಿಕ ಸಭೆ ಕಾಫಿ ತಿಂಡಿಯ ಸಮಾರಂಭವಾಗಿ, ಯಾರ ಸಾಲ ಯಾರಿಗೆ ಹೋಯಿತೆಂದು ಕೇಳುವವರಿಲ್ಲವಾದಾಗ, ಸಂಘದ ಹೆಸರು ಉಳಿದರೂ ಪತ್ತು ಉಳಿಯುವುದಿಲ್ಲ. ಇನ್ನು ಕೈಫೋನಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಡುವವರಲ್ಲಿ ಕೆಲವರು ಸಾಲಗಾರನ ನೆಂಟರಿಷ್ಟರ ಫೋನ್ ಸಂಖ್ಯೆಗಳನ್ನೆಲ್ಲ ಎತ್ತಿಕೊಳ್ಳುತ್ತಿದ್ದರು. ಹಿಂದೆ ನೆರೆಯವರು ಜಾಮೀನು ನಿಲ್ಲಲು ಬೇಕಾಗಿದ್ದರು. ಇವರಿಗೆ ನೆರೆಯವರು ಬೇಕಾದದ್ದು ಮಾನ ಕಳೆಯಲಿಕ್ಕೆ. 2022ರಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ನಿಯಮಗಳನ್ನು ಮಾಡಬೇಕಾಯಿತು.

ಹಾಗಾದರೆ ನ್ಯಾಯವಾದ ಸಾಲವನ್ನು ಗುರುತಿಸುವುದು ಹೇಗೆ? ಕೊಡುವವನಿಗೆ ಪರವಾನಗಿ ಅಥವಾ ನೋಂದಣಿ ಇದೆಯೆ ಎಂದು ಮೊದಲು ಕೇಳಬೇಕು. ಪರವಾನಗಿಯುಳ್ಳ ಲೇವಾದೇವಿಗಾರನಿಗೆ ನಮ್ಮ ರಾಜ್ಯದಲ್ಲಿ ಗೊತ್ತುಪಡಿಸಿದ ಮಿತಿ ಒತ್ತೆಯಿದ್ದರೆ ವರ್ಷಕ್ಕೆ ಶೇಕಡಾ 14, ಇಲ್ಲದಿದ್ದರೆ 16. ‘ನೂರಕ್ಕೆ ಮೂರು’ ಎಂದು ಮೆಲುದನಿಯಲ್ಲಿ ಹೇಳುವ ತಿಂಗಳ ಬಡ್ಡಿ ವರ್ಷಕ್ಕೆ 36 ಎಂಬುದನ್ನು ಮರೆಯಬಾರದು. ಬಡ್ಡಿಯ ಲೆಕ್ಕ ಅಸಲಿನ ಮೇಲೋ, ಉಳಿದ ಬಾಕಿಯ ಮೇಲೋ ಎಂದೂ ಕೇಳಬೇಕು. 10,000 ರೂಪಾಯಿಯನ್ನು ಹನ್ನೆರಡು ಸಮಕಂತುಗಳಲ್ಲಿ ತೀರಿಸುವಾಗ ಶೇಕಡಾ 12ರಂತೆ ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕಿದರೆ 1200 ರೂಪಾಯಿ. ತಿಂಗಳು ತಿಂಗಳು ಇಳಿಯುವ ಬಾಕಿಯ ಮೇಲೆ ಹಾಕಿದರೆ ಸುಮಾರು 660. ದರ ಒಂದೇ, ಹೊರೆ ಹೆಚ್ಚುಕಡಿಮೆ ಇಮ್ಮಡಿ. ರಸೀದಿ ಕೊಡದವರಲ್ಲಿ, ಖಾಲಿ ಕಾಗದಕ್ಕೆ ರುಜು ಕೇಳುವವರಲ್ಲಿ ಒಂದು ರೂಪಾಯಿಯನ್ನೂ ಪಡೆಯಕೂಡದು.

ಇನ್ನೊಂದು ಮಾತುಂಟು. ಸಾಲ ಬೇಕಾದ ದಿನ ಸಂಘವನ್ನು ಹುಡುಕಿಕೊಂಡು ಹೋದವನಿಗೆ ಅಲ್ಲಿ ಸಿಗುವುದು ಅರ್ಜಿಯ ನಮೂನೆ ಮಾತ್ರ. ಬೇಡದ ದಿನಗಳಲ್ಲಿ ಪಾಲು ಕೊಂಡು, ಸಣ್ಣ ಮೊತ್ತ ಕಟ್ಟುತ್ತ, ಸಭೆಗೆ ಹೋಗಿ ಲೆಕ್ಕ ಕೇಳುತ್ತ ಬಂದವನಿಗೆ ಅಲ್ಲಿ ಜಾಮೀನು ನಿಲ್ಲುವ ಇಬ್ಬರು ಸಿಗುತ್ತಾರೆ. ಕಣಗಿನಹಾಳದಲ್ಲಿ ಊರು ಚಿಕ್ಕದಾಗಿದ್ದುದರಿಂದ ಈ ಪರಿಚಯ ತಾನಾಗಿಯೇ ಇತ್ತು. ಪಕ್ಕದ ಮನೆಯವರ ಹೆಸರು ತಿಳಿಯದೆ ಹತ್ತು ವರ್ಷ ಬಾಳಬಹುದಾದ ನಮ್ಮ ಬಡಾವಣೆಗಳಲ್ಲಿ ಅದನ್ನು ನಾವೇ ಬೆಳೆಸಿಕೊಳ್ಳಬೇಕಾಗಿದೆ.