ಆರಿಸುವ ಉಸಿರು, ಹೊತ್ತಿಸುವ ಉಸಿರು

ಮೇ ತಿಂಗಳ ಒಂದು ರಾತ್ರಿ, ಹತ್ತೂವರೆ. ಮಾಗಡಿ ತಾಲ್ಲೂಕಿನ ಸಾವನದುರ್ಗದ ತಪ್ಪಲಲ್ಲಿ ನಿಂತು ಬೈನಾಕ್ಯುಲರನ್ನು ದಕ್ಷಿಣಕ್ಕೆ, ರಾಮನಗರ–ಕನಕಪುರದ ಬೆಟ್ಟಗಳ ಮೇಲಕ್ಕೆ ತಿರುಗಿಸಿದ್ದೆ. ದಿಗಂತದಿಂದ ಸುಮಾರು 34 ಡಿಗ್ರಿ ಎತ್ತರದಲ್ಲಿ ಒಂದು ಮಸುಕು ಚುಕ್ಕೆ ಸಿಕ್ಕಿತು. ಅದು ಸೆಂಟಾರಸ್ ಎ ಗ್ಯಾಲಕ್ಸಿ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 1.2 ಕೋಟಿ ವರ್ಷ. ರಾಮನಗರದ ಹಳೆಯ ಹೆಸರು ಹೊತ್ತ ಇಲ್ಲಿಯ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಯ ಲೆಕ್ಕದಲ್ಲಿ ಆ ಬೆಳಕು ಮೊನ್ನೆ ಮೊನ್ನೆ ಹೊರಟದ್ದು.

ಈ ಮಸುಕನ್ನು 1826ರಲ್ಲಿ ಆಸ್ಟ್ರೇಲಿಯಾದ ಪರಮಟ್ಟಾದಿಂದ ಜೇಮ್ಸ್ ಡನ್‌ಲಪ್ ಗುರುತಿಸಿದರು. 1943ರಲ್ಲಿ ಕಾರ್ಲ್ ಸೇಫರ್ಟ್ ಬೇರೆ 6 ಗ್ಯಾಲಕ್ಸಿಗಳ ನಡುಭಾಗ ವಿಪರೀತ ಬೆಳಗುವುದನ್ನೂ ಅಲ್ಲಿಯ ಅನಿಲ ಭಾರಿ ವೇಗದಲ್ಲಿ ಚಲಿಸುವುದನ್ನೂ ವರದಿ ಮಾಡಿದರು. 1949ರಲ್ಲಿ ಜಾನ್ ಬೋಲ್ಟನ್ ಮತ್ತು ಸಂಗಡಿಗರು, ಒಂದು ಪ್ರಬಲ ರೇಡಿಯೊ ಸದ್ದಿನ ಮೂಲ ಡನ್‌ಲಪ್ ಕಂಡ ಗ್ಯಾಲಕ್ಸಿಯೇ ಎಂದು ಹೊಂದಿಸಿದರು. ಇಂಥ ಕೇಂದ್ರಗಳಲ್ಲಿ ದೈತ್ಯ ಕಪ್ಪುಕುಳಿಗಳಿವೆ ಎಂದು 1969ರಲ್ಲಿ ಡೊನಾಲ್ಡ್ ಲಿಂಡನ್-ಬೆಲ್ ವಾದಿಸಿದರು. ಸೆಂಟಾರಸ್ ಎ ನಡುವಿನ ಕಪ್ಪುಕುಳಿ ಸುಮಾರು 5 ಕೋಟಿ ಸೂರ್ಯರಷ್ಟು ತೂಗುತ್ತದೆ.

ಗ್ಯಾಲಕ್ಸಿಯ ಮುಂದೆ ಕಪ್ಪುಕುಳಿ ಕಡಲಿನ ಮುಂದೆ ಸಾಸಿವೆಯಷ್ಟೂ ಅಲ್ಲ. ಅದು ಇಡೀ ಮನೆಯ ಒಲೆಯನ್ನು ಹೇಗೆ ಆಳೀತು? ಒಳಕ್ಕೆ ಬೀಳುವ ಅನಿಲ ಕಾದು ಅಪಾರ ಶಕ್ತಿ ಬಿಡುತ್ತದೆ. ಆ ಶಕ್ತಿಯ ಒಂದು ಪಾಲೇ ಸುತ್ತಲಿನ ಅನಿಲವನ್ನು ತಳ್ಳಲು ಸಾಕು ಎಂದು 1998ರಲ್ಲಿ ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ ಲೆಕ್ಕ ಹಾಕಿದರು. ನಕ್ಷತ್ರ ಹುಟ್ಟಲು ತಣ್ಣನೆಯ ಅನಿಲ ಬೇಕು. ಅದನ್ನು ಕಾಯಿಸಿದರೆ, ಹೊರದೂಡಿದರೆ ಹೆರಿಗೆ ನಿಲ್ಲುತ್ತದೆ. ಸೇಫರ್ಟರ ಪಟ್ಟಿಯಲ್ಲಿದ್ದ ಎನ್‌ಜಿಸಿ 1275ರ ಸುತ್ತ, ಕಪ್ಪುಕುಳಿಯ ಚಿಮ್ಮುಧಾರೆಗಳು ಬಿಸಿ ಅನಿಲದಲ್ಲಿ ಊದಿದ ಗುಳ್ಳೆಗಳನ್ನು ಚಂದ್ರ ಎಕ್ಸ್-ರೇ ದೂರದರ್ಶಕ ಸ್ಪಷ್ಟವಾಗಿ ತೋರಿಸಿದೆ.

ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ, ಅದಕ್ಕೆ ನಮ್ಮ ಹೊಸಕೋಟೆಯ ನಂಟೂ ಇದೆ. ಭಾರತೀಯ ಖಭೌತ ಸಂಸ್ಥೆಯ ಅಲ್ಲಿನ ಪ್ರಯೋಗಾಲಯದಲ್ಲಿ ಜೋಡಣೆಯಾದ ಅತಿನೇರಳೆ ದೂರದರ್ಶಕ, ಯುವಿಐಟಿ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿತು. ಎಳೆಯ ಬಿಸಿ ನಕ್ಷತ್ರಗಳು ಅತಿನೇರಳೆಯಲ್ಲೇ ಹೆಚ್ಚು ಹೊಳೆಯುವುದರಿಂದ ಅದು ನಕ್ಷತ್ರಗಳ ಹೆರಿಗೆಮನೆ ಹುಡುಕಲು ಹೇಳಿ ಮಾಡಿಸಿದ ಕಣ್ಣು. ಆ ಕಣ್ಣಿನಿಂದ ಸೆಂಟಾರಸ್ ಎ ನೋಡಿದ ಬೆಂಗಳೂರಿನ ಸಂಶೋಧಕರು, ಉತ್ತರದ ಚಿಮ್ಮುಧಾರೆಯ ಹಾದಿಯ ಬಳಿ ಎಳೆಯ ನಕ್ಷತ್ರಗಳ ನೆಲೆಗಳನ್ನು 2022ರಲ್ಲಿ ವಿವರಿಸಿದರು. ಧಾರೆ ತಾಗಿದಲ್ಲಿ ಅನಿಲ ಒತ್ತಿ ಗಟ್ಟಿಯಾಗಿ, ನಕ್ಷತ್ರಗಳಾಗಿ ಕುಸಿದಿರಬೇಕು. ಊದುಗೊಳವೆಯ ಉಸಿರು ಕೆಂಡ ಹೊತ್ತಿಸುತ್ತದೆ, ಅದೇ ಉಸಿರು ದೀಪವನ್ನು ಆರಿಸುತ್ತದೆ. ಎಷ್ಟು ಜೋರು, ಎದುರಿಗೆ ಏನಿದೆ ಎಂಬುದೇ ಲೆಕ್ಕ.

ನನಗೆ ಇದು ದೂರದ ಸುದ್ದಿಯಲ್ಲ. ಕಾಲಡಿಯ ಗ್ರಾನೈಟಿನ ಆಮ್ಲಜನಕ, ಸಿಲಿಕಾನ್ ಯಾವುದೋ ನಕ್ಷತ್ರಗಳಲ್ಲಿ ಬೆಂದದ್ದು. ನಮ್ಮ ಗ್ಯಾಲಕ್ಸಿಯ ಅನಿಲ ಬೇಗನೆ ಬರಿದಾಗಿದ್ದರೆ ಈ ಬೆಟ್ಟವೂ ಇರುತ್ತಿರಲಿಲ್ಲ, ನೋಡುವ ನಾನೂ ಇರುತ್ತಿರಲಿಲ್ಲ.

ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು; ಬೆಂಗಳೂರಿನ ಬೆಳಕು ಅದಕ್ಕೂ ಮೊದಲೇ ಬಂದಾಗಿತ್ತು. ಪೂರ್ವದ ಆಕಾಶ ಆಗಲೇ ಬಿಳಿಚಿದೆ. ದಕ್ಷಿಣದಲ್ಲಿ ಆ ಚುಕ್ಕೆ ಕಾಣುವಷ್ಟು ಕತ್ತಲೆ ಇನ್ನೂ ಉಳಿದಿದೆ. ಇರುವಾಗಲೇ ಒಮ್ಮೆ ಹೋಗಿ ನೋಡಿ.